ದೊರೆ, ಮಂತ್ರಿ ಮತ್ತು ನನ್ನ ಸಹಿ

“ಮೇಡಂ, ಈ ನಾಯಿಯೊಳಗೆ ಎರಡು ನಾಯಿ ಇವೆ,” ಎಂದರು ಲೈಸೆನ್ಸ್ ಇನ್ಸ್‌ಪೆಕ್ಟರ್.

ನಾಯಿ ಲೈಸೆನ್ಸಿನ ಕಚೇರಿಗೆ ಅವತ್ತು ನಾನು ನಮ್ಮ ಮನೆಯ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಒಬ್ಬ ದೊರೆ, ಒಬ್ಬ ಮಂತ್ರಿ. ಒಂದೇ ತಾಯಿಯ ಮರಿಗಳು, ಮೂಗಿನಿಂದ ಬಾಲದವರೆಗೆ ಒಂದೇ ಕಪ್ಪು. ಯಾರು ಯಾರೆಂದು ತಿಳಿಯಬೇಕಾದರೆ ನನ್ನನ್ನು ಬಿಟ್ಟರೆ ಮನೆಯವರೂ ಅವರು ಮಲಗುವವರೆಗೆ ಕಾಯಬೇಕು. ಗೊರಕೆ ಹೊಡೆಯುವವನು ದೊರೆ.

ಇನ್ಸ್‌ಪೆಕ್ಟರ್ ಕೌಂಟರಿನಿಂದ ಈಚೆ ಬಂದು ಮಂಡಿಯೂರಿ ದೊರೆಯ ಒಂದು ಹೆಗಲ ಮೇಲೆ ಸ್ಕ್ಯಾನರ್ ಆಡಿಸಿದರು. ಅದು ಕುಂಯ್ ಎಂದಿತು. ಇನ್ನೊಂದು ಹೆಗಲ ಮೇಲೆ ಆಡಿಸಿದರು. ಮತ್ತೆ ಕುಂಯ್ ಎಂದು ಬೇರೆಯದೇ ನಂಬರು ತೋರಿಸಿತು. ಒಂದು ನಾಯಿಗೆ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಗಾತ್ರದ ಒಂದು ಚಿಪ್ ಇರಬೇಕು, ಅದರ ನಂಬರಿನ ಮೇಲೆಯೇ ಲೈಸೆನ್ಸ್. ನಮ್ಮ ದೊರೆಯ ಮೈಯಲ್ಲಿ ಎರಡಿದ್ದವು.

“ಹಾಗಾದ್ರೆ ಇವನು?” ಎಂದು ಮಂತ್ರಿಯನ್ನು ಮುಂದಕ್ಕೆ ತಳ್ಳಿದೆ.

ಮಂತ್ರಿಯ ಮೈಮೇಲೆಲ್ಲ ಸ್ಕ್ಯಾನರ್ ಓಡಾಡಿತು, ಚಕಾರ ಎತ್ತಲಿಲ್ಲ.

“ಇವರು ಇಲ್ಲ.”

“ಇಲ್ಲ ಅಂದ್ರೆ? ನಿಮ್ಮ ಬೂಟು ನೆಕ್ತಾ ಇದಾನಲ್ಲ.”

“ನೆಕ್ತಿದಾರೆ, ಒಪ್ಕೋತೀನಿ. ಆದ್ರೆ ಲೆಕ್ಕದಲ್ಲಿ ಇಲ್ಲ.”

ಇದು ನನ್ನ ಅಣ್ಣನ ಕೈಚಳಕವೆಂದು ನನಗೆ ಅಲ್ಲಿಯೇ ಹೊಳೆಯಿತು. ಚುಚ್ಚುಮದ್ದು ಹಾಕಿಸಿ ಚಿಪ್ ಕೂರಿಸಿಕೊಂಡು ಬಾ ಎಂದು ಇಬ್ಬರನ್ನೂ ಅವನ ಕೈಗೆ ಕೊಟ್ಟಿದ್ದೆವು. ದೊರೆ ಕರೆದ ಕಡೆಗೆಲ್ಲ ಬರುವ ಪ್ರಾಣಿ. ಮಂತ್ರಿಯೋ, ಡಾಕ್ಟರ್ ಎಂಬ ಶಬ್ದ ಕಿವಿಗೆ ಬಿದ್ದರೆ ಮಂಚದ ಕೆಳಗೆ ಸೇರುವವನು. ಅಣ್ಣ ಮೊದಲು ದೊರೆಯನ್ನು ಕರೆದುಕೊಂಡು ಹೋಗಿ ಬಂದಿದ್ದಾನೆ, ಮಂಚದ ಕೆಳಗೆ ಒಮ್ಮೆ ಬಗ್ಗಿ ನೋಡಿದ್ದಾನೆ, ಆಮೇಲೆ ಮತ್ತೆ ದೊರೆಯನ್ನೇ ಕರೆದುಕೊಂಡು ಹೋಗಿದ್ದಾನೆ. ಅವತ್ತು ಸಂಜೆ ಮನೆಗೆ ಹೋಗಿ ಕೇಳಿದರೆ “ಎರಡೂ ಒಂದೇ ತರ ಇದಾವಲ್ಲೇ, ಯಾರಿಗೆ ಗೊತ್ತಾಗುತ್ತೆ?” ಎಂದ. ಪಾಪದ ದೊರೆ ಎರಡು ಸಲ ಚುಚ್ಚಿಸಿಕೊಂಡು ಬಂದು ಬಾಲ ಅಲ್ಲಾಡಿಸಿದ್ದ.

ಇನ್ಸ್‌ಪೆಕ್ಟರ್ ನಗು ತಡೆದುಕೊಳ್ಳಲು ತುಟಿ ಒತ್ತಿ ಹಿಡಿದಿದ್ದರು, ಆಗಲಿಲ್ಲ. ನಾನು ಹಲ್ಲಿನ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವವಳು. ಮನುಷ್ಯರ ಮುಖ ಮರೆಯುತ್ತೇನೆ, ಹಲ್ಲು ಮರೆಯುವುದಿಲ್ಲ. ಇವರ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ಸ್ವಲ್ಪವೇ ಸ್ವಲ್ಪ ಏರಿ ಕೂತಿತ್ತು, ಬಸ್ಸಿನಲ್ಲಿ ಜಾಗ ಸಾಲದೆ ಒತ್ತಿ ಕೂತವರ ಹಾಗೆ. ಎಂಥ ಚೆಂದ ಎಂದುಕೊಂಡೆ. ಅವರು ನಾನು ಎಲ್ಲಿ ನೋಡುತ್ತಿದ್ದೇನೆಂದು ಗಮನಿಸಿ ಬಾಯಿ ಮುಚ್ಚಿದರು. ಕಿವಿ ಕೆಂಪಾಯಿತು.

“ಒಂದಕ್ಕಿಂತ ಜಾಸ್ತಿ ನಾಯಿ ಇರೋ ಮನೆ ನಾವು ಬಂದು ನೋಡ್ಬೇಕು ಮೇಡಂ. ಗೇಟು, ಕಾಂಪೌಂಡು, ಇವರು ಮಲಗೋ ಜಾಗ.”

“ಬನ್ನಿ. ಬರೋದು ಸುಲಭ,” ಎಂದೆ. ಉಳಿದದ್ದನ್ನು ಹೇಳಲಿಲ್ಲ.

ಅವರು ಬಂದ ಮಧ್ಯಾಹ್ನ ಅಮ್ಮ ಗೆಳತಿಯ ಮನೆಗೆ ಹೋಗಿದ್ದಳು. ಅಣ್ಣ ಅತ್ತಿಗೆ ಇರುವುದು ಮೇಲಿನ ಮಹಡಿಯಲ್ಲಿ, ಅವರ ಮೆಟ್ಟಿಲೇ ಬೇರೆ. ಊಟಕ್ಕೆ ಮಾತ್ರ ನಮ್ಮ ಮನೆಯವರು. ಅವತ್ತು ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಲ್ಯಾಬಿಗೆ ರಜೆ ಹಾಕಿ ಕಾದು ಕೂತಿದ್ದವಳು ಎಂದಿನಂತೆ ನಾನು.

ಮಂತ್ರಿ ಬಾಲ ಅಲ್ಲಾಡಿಸುತ್ತ ಅವರನ್ನು ಒಳಗೆ ಕರೆದುಕೊಂಡು ಬಂದ. ಅವರು ಕಾಂಪೌಂಡು ನೋಡಿ ಬಂದಿದ್ದರು, ಗೇಟಿನ ಚಿಲಕ ಎಳೆದು ನೋಡಿದ್ದರು. ಈಗ ಪೆನ್ನು ಹಿಡಿದು ಕೇಳಿದರು.

“ಇವರು ಮಲಗೋ ಜಾಗ?”

“ನನ್ನ ಮಂಚ.”

“ನೀವು?”

“ಅದರ ಅಂಚು.”

ಪೆನ್ನು ನಿಂತಿತು. ಕಣ್ಣೆತ್ತಿ ನನ್ನನ್ನು ನೋಡಿದರು. ಅಧಿಕಾರಿಯ ನೋಟವಾಗಿದ್ದರೆ ಒಂದು ಕ್ಷಣಕ್ಕೆ ಮುಗಿಯಬೇಕಿತ್ತು, ಇದು ಮುಗಿಯಲಿಲ್ಲ. ನಾನೇ ಕಿಟಕಿಯ ಕಡೆ ತಿರುಗಿ ಪರದೆ ಸರಿಮಾಡಿದೆ. ಪರದೆ ಸರಿಯಾಗಿಯೇ ಇತ್ತು.

ಹೊರಡಲು ಎದ್ದರು. ಮಂತ್ರಿ ಹೊಸ್ತಿಲಿಗೆ ಅಡ್ಡಲಾಗಿ ಕೂತಿದ್ದ. ಅವರು ಒಂದು ಹೆಜ್ಜೆ ಇಟ್ಟರು. ಮಂತ್ರಿ ಬೊಗಳಲಿಲ್ಲ, ಗುರ್ ಎನ್ನಲೂ ಇಲ್ಲ, ಮೇಲ್ದುಟಿಯನ್ನು ಒಂದು ಬದಿಗೆ ಮಡಚಿ ಕೋರೆಹಲ್ಲನ್ನು ತೋರಿಸಿದ.

“ಸ್ವಾಮಿ, ಸ್ವಲ್ಪ ದಾರಿ ಬಿಡ್ತೀರಾ?” ಎಂದು ಇನ್ಸ್‌ಪೆಕ್ಟರ್ ಅವನನ್ನು ಕೇಳಿಕೊಂಡರು.

“ಬಿಡಲ್ಲ,” ಎಂದೆ ನಾನು. “ಒಳಗೆ ಬರೋರನ್ನ ಅವನು ತಡೆಯಲ್ಲ. ಹೊರಗೆ ಹೋಗೋರನ್ನ ಬಿಡಲ್ಲ.”

“ಮೊದಲಿಂದಾನೂ ಹೀಗೇನಾ?”

“ಅಪ್ಪ ಹೋದಾಗಿಂದ. ಅಪ್ಪ ಆ ಬಾಗಿಲಲ್ಲಿ ಆಸ್ಪತ್ರೆಗೆ ಅಂತ ಹೋದ್ರು, ವಾಪಸ್ ಬರಲಿಲ್ಲ. ಆಮೇಲೆ ಇವನು ಅಲ್ಲಿ ಕೂರೋಕೆ ಶುರು ಮಾಡ್ದ. ಅಮ್ಮ ‘ಬಿಡು’ ಅಂದ್ರೆ ಮಾತ್ರ ಏಳ್ತಾನೆ.”

“ನೀವು ಹೇಳಿದ್ರೆ?”

“ಆಕಳಿಸ್ತಾನೆ.”

“ಹಿಂದಿನ ಬಾಗಿಲು?”

“ಅದಕ್ಕೆ ಅಡ್ಡ ನಮ್ಮಣ್ಣನ ಹಳೇ ಸೋಫಾ ಇದೆ. ಮಾರ್ತೀನಿ ಮಾರ್ತೀನಿ ಅಂತ ಇಟ್ಟಿದಾನೆ.”

“ಹಾಗಾದ್ರೆ ನೀವು ದಿನಾ ಕೆಲಸಕ್ಕೆ ಹೇಗೆ ಹೋಗ್ತೀರಿ?”

“ಅಮ್ಮ ಬಿಡು ಅಂತಾಳೆ, ಹೋಗ್ತೀನಿ.”

ಎಷ್ಟೋ ಕಾಲದಿಂದ ನಡೆದುಬಂದ ಮಾತು. ಆದರೆ ಹೊರಗಿನವರೊಬ್ಬರ ಎದುರು ಬಾಯಿಬಿಟ್ಟು ಹೇಳಿದಾಗ ನನ್ನ ಕಿವಿಗೇ ಅದು ಹೇಗೋ ಕೇಳಿಸಿತು. ಮುಖ ಬಿಸಿಯಾಗಿ ಟೀ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಟೀ ತಂದಾಗ ಅವರು ಶರಣಾಗತರಾಗಿ ಕುರ್ಚಿಯಲ್ಲಿ ಕೂತಿದ್ದರು. ದೊರೆಯ ತಲೆ ಅವರ ತೊಡೆಯ ಮೇಲಿತ್ತು, ಪ್ಯಾಂಟಿನ ತುಂಬ ಕೂದಲು. ಊರಿನ ನಾಯಿಗಳಿಗೆಲ್ಲ ಲೈಸೆನ್ಸ್ ಕೊಡುವ ಈ ಮನುಷ್ಯ ಒಂಟಿಯಾಗಿ ಇರುವುದು ಒಂದು ಬಾಡಿಗೆ ರೂಮಿನಲ್ಲಂತೆ. ಓನರ್ ಅಲ್ಲಿಗೆ ಬೆಕ್ಕನ್ನೂ ಸೇರಿಸುವುದಿಲ್ಲವಂತೆ.

“ಹಾಗಾಗಿ ಡ್ಯೂಟಿ ಟೈಮಲ್ಲೇ ಮುದ್ದು ಮಾಡಿ ಮುಗಿಸ್ಬೇಕು,” ಎಂದರು.

“ನಾಯಿನ ತಾನೇ?”

ಟೀ ಅವರಿಗೆ ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ನಾನು ನೀರು ಕೊಟ್ಟೆ, ಲೋಟ ಕೈ ಬದಲಾಯಿಸುವಾಗ ಬೆರಳು ತಾಗಿತು, ಇಬ್ಬರೂ ತಾಗಲಿಲ್ಲವೆಂಬಂತೆ ದೊರೆಯನ್ನೇ ನೋಡಿದೆವು.

ಸುಧಾರಿಸಿಕೊಂಡ ಮೇಲೆ ಕೇಳಿದರು. “ಲೈಸೆನ್ಸ್ ಯಾರ ಹೆಸರಲ್ಲಿ ಮಾಡಿಸ್ತೀರಿ?”

“ಇನ್ಯಾರು, ನನ್ನದೇ. ಫೋನು, ಗ್ಯಾಸು, ನೀರು, ಮನೆ ಕಂದಾಯ, ಎಲ್ಲದಕ್ಕೂ ನನ್ನದೇ ಸಹಿ. ಅಣ್ಣಂಗೆ ಪುರುಸೊತ್ತಿಲ್ಲ, ಅಮ್ಮಂಗೆ ಕೈ ನಡುಗುತ್ತಂತೆ. ಸೂಜಿಗೆ ದಾರ ಪೋಣಿಸೋವಾಗ ನಡುಗಲ್ಲ.”

ಅವರು ಲೋಟ ಕೆಳಗಿಟ್ಟರು. “ಮೇಡಂ, ಇದು ಗ್ಯಾಸಿನ ತರ ಅಲ್ಲ. ಮಾಲೀಕರು ಅಂತ ಸಹಿ ಹಾಕಿದೋರು ಲೈಸೆನ್ಸ್ ಮುಗಿಯೋವರೆಗೂ, ಅಂದ್ರೆ ಮೂರು ವರ್ಷ, ನಾಯಿ ಇರೋ ಮನೇಲೇ ವಾಸ ಇರ್ಬೇಕು. ಬೇರೆ ಕಡೆ ಹೋದ್ರೆ ನಾಯಿನ ನಾವು ತಗೊಂಡು ಹೋಗ್ಬೇಕಾಗುತ್ತೆ. ನಡುವೆ ಹೆಸರು ಬದಲಾಯಿಸೋ ಹಾಗೂ ಇಲ್ಲ.”

ಆ ಕ್ಷಣದಲ್ಲಿ ಕೋಣೆ ಸಣ್ಣದಾಯಿತು. ನನ್ನ ಮದುವೆಯ ಮಾತು ಹಿಂದೆ ಎರಡು ಕಡೆ ಬಂದಿತ್ತು. ಎರಡು ಸಲವೂ ಅಮ್ಮ ಬೇಡ ಎನ್ನಲಿಲ್ಲ, ಬಂದವರೆದುರು ನಾಯಿಗಳ ತಲೆ ಸವರುತ್ತ “ಇವಳು ಹೋದ್ರೆ ಇವುಗಳ ಗತಿ ಏನೋ” ಎಂದಳು ಅಷ್ಟೇ. ಬಂದವರು ಟೀ ಕುಡಿದು, ಅಮ್ಮ ಬಿಡು ಎಂದ ಮೇಲೆ ಎದ್ದು ಹೋದರು. ಅಮ್ಮ ಕೆಟ್ಟವಳಲ್ಲ. ಒಂಟಿಯಾಗುವ ಭಯವನ್ನು ನಾಯಿಗಳ ಬಾಯಿಯಿಂದ ಹೇಳಿಸುತ್ತಿದ್ದಳು, ಅದು ಗೊತ್ತಿದ್ದೂ ನಾನು ಎದುರಾಡಿರಲಿಲ್ಲ.

ಯಾರಿಗೂ ಹೇಳದ ಸಂಗತಿಯನ್ನು ಅವತ್ತು ಈ ಕೂದಲು ಮೆತ್ತಿದ ಪ್ಯಾಂಟಿನವರಿಗೆ ಹೇಳಿದೆ. “ನಮ್ಮ ಲ್ಯಾಬಿನ ಮೇಲೆ ಒಂದು ರೂಮು ಖಾಲಿ ಇದೆ. ಲ್ಯಾಬಿನ ಯಜಮಾನ್ರು ಬರ್ತೀಯೇನಮ್ಮ ಅಂತ ಕೇಳ್ತಾನೇ ಇರ್ತಾರೆ. ಹ್ಞೂಂ ಅನ್ನೋಕೂ ಆಗಿಲ್ಲ, ಉಹ್ಞೂಂ ಅನ್ನೋಕೂ ಮನಸ್ಸಿಲ್ಲ.”

ಮದುವೆ ಆಗಿಲ್ಲವಾ, ಒಬ್ಬರೇ ಹೇಗಿರ್ತೀರಿ, ಅಮ್ಮ ಏನಂತಾರೆ, ಇಷ್ಟರಲ್ಲಿ ಒಂದನ್ನು ಕೇಳುತ್ತಾರೆ ಎಂದುಕೊಂಡಿದ್ದೆ.

“ಕಿಟಕಿ ಇದೆಯಾ?” ಎಂದರು.

“ಇದೆ. ರಸ್ತೆ ಕಡೆಗೆ.”

“ಬೆಳಗಿನ ಬಿಸಿಲು ಬರುತ್ತಾ?”

“ಬರುತ್ತೆ.” ಒಂದೇ ಒಂದು ಸಲ, ಯಜಮಾನರು ಬೀಗ ತೆಗೆದು ತೋರಿಸಿದಾಗ, ಆ ಬಿಸಿಲಲ್ಲಿ ನಾನು ನಿಂತಿದ್ದೆ. ಅವರು ಬೇರೆ ಏನನ್ನೂ ಕೇಳಲಿಲ್ಲ. ಅಷ್ಟಕ್ಕೇ ಅವರ ಮೇಲೆ ನನಗೆ ಪ್ರೀತಿ ಹುಟ್ಟಿತು. ಇಷ್ಟು ಸಣ್ಣ ಕಾರಣಕ್ಕೆ ಹುಟ್ಟುತ್ತದೆಯೇ ಎಂದರೆ, ನನಗಂತೂ ಹುಟ್ಟಿತು.

ಅಮ್ಮ ಬಂದಳು. ಅಪರಿಚಿತ ಬೂಟನ್ನೂ ಖಾಲಿ ಲೋಟಗಳನ್ನೂ ನೋಡಿದಳು, ನನ್ನ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದಳು. “ಬಿಡು,” ಎಂದಳು. ಮಂತ್ರಿ ಎದ್ದ. ದಾರಿ ತೆರೆದ ಮೇಲೂ ಇನ್ಸ್‌ಪೆಕ್ಟರ್ ಹೊಸ್ತಿಲ ಹತ್ತಿರ ನಿಂತು ಬೂಟಿನ ಲೇಸನ್ನು ಎರಡೆರಡು ಸಲ ಕಟ್ಟಿದರು.

ಆಮೇಲೆ ಅವರು ಮತ್ತೆ ಮತ್ತೆ ಬಂದರು. ಒಮ್ಮೆ ಪಶುವೈದ್ಯರನ್ನು ಕರೆತಂದು ಮಂತ್ರಿಗೆ ಚಿಪ್ ಹಾಕಿಸಿದರು. ಅದಕ್ಕಾಗಿ ಮಂಚದ ಕೆಳಗೆ ಹೊಟ್ಟೆಯ ಮೇಲೆ ತೆವಳಿ, ಅವನ ಮುಂಗಾಲು ಹಿಡಿದು “ಆಯ್ತು ಸ್ವಾಮಿ, ಆಗೇ ಹೋಯ್ತು, ನಿಮ್ಮಂಥ ಧೈರ್ಯವಂತರಿಲ್ಲ” ಎಂದು ಸಮಾಧಾನ ಮಾಡಿದರು. ಆಚೆ ಬಂದಾಗ ತಲೆಯ ಮೇಲೆ ಜೇಡರ ಬಲೆ ಇತ್ತು. ನಾನು ಕೈಚಾಚಿ ತೆಗೆದೆ, ಅಮ್ಮ ಕೆಮ್ಮಿದಳು.

ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ಆದರೆ ಗೇಟಿನ ಚಿಲಕ ತಗ್ಗಿನಲ್ಲಿದೆ ಎಂದರು. ಎತ್ತರಿಸಿದೆವು. ಸಡಿಲವಾಗಿದೆ ಎಂದರು. ಬಿಗಿ ಮಾಡಿಸಿದೆವು. ಈ ತಿಂಗಳು ಮುಗಿಯುವುದರೊಳಗೆ ಲೈಸೆನ್ಸ್ ಆಗದಿದ್ದರೆ ನಾಯಿಗಳನ್ನು ವ್ಯಾನಿನವರು ಎತ್ತಿಕೊಂಡು ಹೋಗುತ್ತಾರೆಂದು ಬೀದಿಯಲ್ಲೆಲ್ಲ ಸುದ್ದಿ. ಅಮ್ಮನಿಗೆ ನಿದ್ದೆ ಬರುತ್ತಿರಲಿಲ್ಲ.

“ನೀನು ಹೋಗಿ ಒಂದು ಸಹಿ ಹಾಕಿ ಬಂದ್ಬಿಡು, ಮುಗೀತು,” ಎಂದಳು ಒಂದು ಬೆಳಗ್ಗೆ.

“ಈ ಸಲ ನೀನೇ ಹಾಕಮ್ಮ.”

ಅಮ್ಮ ನಾನೇ ಮಾಡಿಕೊಟ್ಟ ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು ಲೋಟದ ನೀರಿಗೆ ಹಾಕಿದಳು. ನಮ್ಮ ಮನೆಯಲ್ಲಿ ಮಾತುಕತೆ ಮುಗಿಯಿತು ಎಂದು ಸಾರುವ ಕ್ರಮ ಅದು.

ಅದೇ ದಿನ ಚಿಲಕ ನೋಡಲು ಇನ್ಸ್‌ಪೆಕ್ಟರ್ ಬಂದರು. ನಾನು ಲ್ಯಾಬಿನಿಂದ ಬಂದವಳು ಗೇಟಿನ ಹೊರಗೇ ಸಿಕ್ಕೆ.

“ಇವತ್ತು ಚಿಲಕಕ್ಕೆ ಏನಾಗಿದೆ? ಜ್ವರಾನಾ?”

ಅವರು ಚಿಲಕ ಎಳೆದರು, ಬಿಟ್ಟರು. “ಚಿಲಕ ಮೊದಲ ದಿನವೇ ಸರಿಯಿತ್ತು,” ಎಂದರು.

“ಮತ್ತೆ?”

“ಫೈಲು ಪೂರ್ತಿಯಾದ ದಿನ ನೀವು ಬಂದು ಸಹಿ ಹಾಕ್ಬಿಡ್ತೀರಿ. ಮೂರು ವರ್ಷ. ಅದಕ್ಕೇ ತಡ ಮಾಡ್ದೆ. ನೀವು ಆ ರೂಮಿಗೆ ಹೋಗ್ಬೇಕು ಅಂತ ನಂಗೆ ಆಸೆ. ಬರೀ ನಿಮಗೋಸ್ಕರ ಅಂತ ಹೇಳಿದ್ರೆ ಸುಳ್ಳಾಗುತ್ತೆ. ನೀವು ಅಂದ್ರೆ ನಂಗೆ ತುಂಬಾ ಇಷ್ಟ.”

ಇಂಥ ಮಾತು ಕೇಳಿದ ಹೆಣ್ಣಿಗೆ ಏನೇನೋ ಆಗಬೇಕು. ಆಯಿತು ಕೂಡ. ಆದರೆ ಅದರ ಹಿಂದೆಯೇ ಎಲ್ಲಿತ್ತೋ ಸಿಟ್ಟು ಬಂತು.

“ಅಮ್ಮ ಬಿಡು ಅಂದ್ರೆ ನಾನು ಹೋಗ್ಬೇಕು. ನೀವು ಫೈಲು ತಡೆದಿಟ್ರೆ ನಾನು ಹೋಗ್ಬೇಕು. ಎಲ್ಲರೂ ನನ್ನ ಒಳ್ಳೇದಕ್ಕೇ. ನನ್ನ ಬಾಗಿಲಲ್ಲಿ ಇನ್ನೂ ಎಷ್ಟು ಜನ ಕೂರ್ತೀರಿ?”

ಅವರ ಮುಖ ಬಿಳಿಚಿತು. “ತಪ್ಪಾಯ್ತು. ವ್ಯಾನಿನ ಸುದ್ದಿ ಕೇಳಿ ನಿಮ್ಮಮ್ಮ ಎಷ್ಟು ಹೆದರಿರ್ತಾರೆ ಅಂತಾನೂ ಯೋಚನೆ ಮಾಡಲಿಲ್ಲ. ನಾಳೆ ಫೈಲು ರೆಡಿ ಇರುತ್ತೆ. ಯಾರು ಸಹಿ ಹಾಕ್ತಾರೆ ಅಂತ ನಾನು ಕೇಳಲ್ಲ,” ಎಂದು ಹೊರಟರು. ಬೀದಿಯ ತಿರುವಿನವರೆಗೂ ನೋಡಿದೆ, ತಿರುಗಿ ನೋಡಲಿಲ್ಲ. ನೋಡಿದ್ದರೆ ಕರೆದುಬಿಡುತ್ತಿದ್ದೆನೇನೋ.

ಮರುದಿನ ಕಚೇರಿಗೆ ಹೊರಡುವಾಗ ಅಮ್ಮನನ್ನೂ ಕರೆದೆ. ನಾಯಿಗಳನ್ನು ಹಿಡಿದುಕೊಳ್ಳಲು ಜನ ಬೇಕು ಎಂದಿದ್ದಕ್ಕೆ ನಂಬಿ ಬಂದಳು.

ಕೌಂಟರಿನ ಮುಂದೆ ಸಾಲು ಇತ್ತು. ಯಾರದೋ ಕೈಯಲ್ಲಿದ್ದ ಮರಿ ತನ್ನ ಯಜಮಾನನ ಷರ್ಟನ್ನು ಒದ್ದೆ ಮಾಡಿತ್ತು, ಆತ ಅದನ್ನು ಫೈಲಿನಿಂದ ಮುಚ್ಚಿಕೊಂಡಿದ್ದ. ಸ್ಕ್ಯಾನರ್ ಮಂತ್ರಿಯ ಮೇಲೆ ಕುಂಯ್ ಎಂದಿತು. ದೊರೆಯ ಎರಡು ನಂಬರುಗಳಲ್ಲಿ ಒಂದನ್ನು ಇನ್ಸ್‌ಪೆಕ್ಟರ್ ರದ್ದು ಮಾಡಿದರು. ರಾತ್ರಿ ನಿದ್ದೆಗೆಟ್ಟ ಕಣ್ಣು ಅವರದು. ನನ್ನನ್ನು ನೋಡಲಿಲ್ಲ.

“ಮಾಲೀಕರು ಸಹಿ ಹಾಕಿ,” ಎಂದು ಕಾಗದವನ್ನು ನಮ್ಮಿಬ್ಬರ ನಡುವೆ ಇಟ್ಟರು. ಅಳತೆ ಮಾಡಿಟ್ಟಂತೆ ನಡುವೆ.

ಅಮ್ಮ ಅದನ್ನು ನನ್ನ ಕಡೆ ಸರಿಸಿದಳು. ನಾನು ಅವಳ ಕಡೆ ಸರಿಸಿದೆ.

“ಕೈ ನಡುಗುತ್ತಲ್ಲೇ.”

“ನಡುಗಿದ್ರೆ ನಡುಗಲಿ. ಅಮ್ಮ, ನಾನು ಮನೆ ಬಿಟ್ಟು ಹೋಗ್ತಿದೀನಿ. ಲ್ಯಾಬಿನ ಮೇಲೆ ಒಂದು ರೂಮಿದೆ. ನಾನು ಸಹಿ ಹಾಕಿದ್ರೆ ಅಲ್ಲಿಗೆ ಹೋಗೋಕಾಗಲ್ಲ. ಅದಕ್ಕೆ ಹಾಕಲ್ಲ.”

ಅವಳು ಸಹಿ ಹಾಕದಿದ್ದರೆ ದೊರೆ, ಮಂತ್ರಿ ಇಬ್ಬರೂ ವ್ಯಾನು ಹತ್ತುತ್ತಿದ್ದರು, ಆ ನೋವನ್ನು ನಾನು ಯಾವ ರೂಮಿನಲ್ಲಿ ಇಟ್ಟುಕೊಂಡು ಬದುಕಬೇಕಿತ್ತೋ ಗೊತ್ತಿಲ್ಲ. ಆದರೂ ಪೆನ್ನು ಮುಟ್ಟಲಿಲ್ಲ.

ಅಮ್ಮ ನನ್ನನ್ನು ಬಿಟ್ಟು ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. “ನಾನು ಹಾಕಿದ್ರೆ ಇವಳು ಯಾವಾಗ ಬೇಕಾದ್ರೂ ಹೋಗಬಹುದೇನಪ್ಪಾ?”

“ಹೋಗಬಹುದಮ್ಮ.”

“ಬರಬಹುದಾ?”

ಅವರು ಆಗ ನನ್ನನ್ನು ನೋಡಿದರು. “ಬರೋದಕ್ಕೆ ಯಾರ ಸಹಿಯೂ ಬೇಡಮ್ಮ.”

ಅಮ್ಮ ಪೆನ್ನು ತೆಗೆದುಕೊಂಡಳು. ನಿಜವಾಗಿಯೂ ಅವಳ ಕೈ ನಡುಗಿತು. ನಾನು ಹಿಡಿಯಲು ಹೋದೆ, ಮೊಣಕೈಯಿಂದ ನನ್ನನ್ನು ದೂರ ತಳ್ಳಿದಳು. ಒಂದು ಸಹಿ, ಇನ್ನೊಂದು ಸಹಿ. ಲೈಸೆನ್ಸಿನ ಎರಡು ಬಿಲ್ಲೆಗಳನ್ನು ತಾನೇ ಇಬ್ಬರ ಕೊರಳಿಗೂ ಹಾಕಿದಳು. ಆಮೇಲೆ ಎರಡು ಚೈನುಗಳನ್ನೂ ನನ್ನ ಕೈಯಿಂದ ಬಿಡಿಸಿಕೊಂಡು, “ರೂಮು ಗುಡಿಸಿದಾರೋ ಇಲ್ವೋ, ನೋಡ್ಕೊಂಡು ಬಾ. ಸಂಜೆಗೆ ಊಟಕ್ಕೆ ಇರ್ತೀಯೋ ಹೇಗೆ ಅಂತ ಫೋನ್ ಮಾಡು,” ಎಂದು ಹೊರಗೆ ನಡೆದಳು. ತಿರುಗಿ ನೋಡಲಿಲ್ಲ.

ಖಾಲಿ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಾನು ಕೌಂಟರಿನ ಮುಂದೆಯೇ ನಿಂತಿದ್ದೆ.

“ಮೇಡಂ,” ಎಂದರು ಇನ್ಸ್‌ಪೆಕ್ಟರ್ ಮೆಲ್ಲಗೆ, “ನಿಮ್ಮ ಕೆಲಸ ಇನ್ನೇನಾದ್ರೂ ಬಾಕಿ ಇದೆಯಾ?”

“ಇದೆ. ನಿನ್ನೆ ಗೇಟಿನ ಹತ್ರ ನೀವು ಏನೋ ಹೇಳಿದ್ರಿ. ನಾನು ಬೈದೆ, ಉತ್ತರ ಕೊಡಲಿಲ್ಲ.”

ಅವರು ಕೈಯಲ್ಲಿದ್ದ ಸ್ಕ್ಯಾನರನ್ನು ಕೌಂಟರಿನ ಮೇಲಿಟ್ಟರು.

“ನಂಗೂ ಇಷ್ಟ. ಮೊದಲ ದಿನದಿಂದ. ಆದ್ರೆ ಒಂದು ಮಾತು. ಸ್ವಲ್ಪ ದಿನ ನನ್ನ ಹೆಸರಲ್ಲಿ ಏನೂ ಬರೀಬೇಡಿ. ಮದುವೆ ಪತ್ರಾನೂ ಬೇಡ, ಬಾಡಿಗೆ ಪತ್ರಾನೂ ಬೇಡ. ಸುಮ್ನೆ ಬಂದು ಹೋಗ್ತಾ ಇರಿ.”

“ಬಂದು ಹೋಗ್ತೀನಿ,” ಎಂದರು. ಆ ಹಲ್ಲು ಪೂರ್ತಿ ಕಾಣಿಸುವ ಹಾಗೆ ನಕ್ಕರು, ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ. ಸಾಲಿನಲ್ಲಿದ್ದ ಒದ್ದೆ ಷರ್ಟಿನವನು, “ಸಾರ್, ನಮ್ಮದೂ ಸ್ವಲ್ಪ ನೋಡಿ,” ಎಂದ.

ನಾನು ಹೊರಗೆ ಬಂದೆ. ರಸ್ತೆಯ ಆಚೆ ಬದಿಯಲ್ಲಿ ಅಮ್ಮ ನಿಂತುಬಿಟ್ಟಿದ್ದಳು. ದೊರೆ ದೀಪದ ಕಂಬದ ಒಂದು ಪಕ್ಕಕ್ಕೆ, ಮಂತ್ರಿ ಇನ್ನೊಂದು ಪಕ್ಕಕ್ಕೆ ಹೋಗಿ, ಚೈನುಗಳು ಕಂಬಕ್ಕೂ ಅವಳ ಕಾಲಿಗೂ ಸುತ್ತಿಕೊಂಡಿದ್ದವು. ನನ್ನ ಕಾಲು ಅಭ್ಯಾಸಬಲದಿಂದ ಓಡಲು ಹೊರಟಿತು. ಕಚೇರಿಯ ಗೋಡೆ ಹಿಡಿದು ನಿಂತೆ.

ಅಮ್ಮ ಸುತ್ತಮುತ್ತ ನೋಡಿದಳು. ನಾನು ನಿಂತಿರುವುದು ಅವಳಿಗೆ ಕಂಡಿತು, ಆದರೂ ಕರೆಯಲಿಲ್ಲ. ಚೀಲವನ್ನು ಕೆಳಗಿಟ್ಟು ಬಗ್ಗಿ, ಮೊದಲು ಒಂದು ಕಾಲನ್ನು ಬಿಡಿಸಿಕೊಂಡಳು, ಆಮೇಲೆ ಇನ್ನೊಂದನ್ನು. ಮಂತ್ರಿಗೆ ಏನೋ ಗದರಿದಳು. ಚೈನು ಬಿಡಿಸಲು ತುಂಬ ಹೊತ್ತು ಹಿಡಿಯಿತು. ಬಿಡಿಸಿ, ಚೀಲ ಎತ್ತಿಕೊಂಡು, ನನ್ನ ಕಡೆಗೆ ಒಂದು ಸಲ ಕೈ ಎತ್ತಿ ಮನೆಯ ದಾರಿ ಹಿಡಿದಳು.

ನಾನು ಅಳುತ್ತಿದ್ದೆ. ಕಣ್ಣೊರೆಸಿಕೊಂಡು ಲ್ಯಾಬಿನ ಕಡೆಗೆ ಹೊರಟೆ.